ಹುಳದ ಮನೆಯೊಳಗೆ ಬಂದವನು

2025ರ ಜೂನ್‌ನ ಒಂದು ಸೋಮವಾರ ಬೆಳಿಗ್ಗೆ ದಿವ್ಯ ಠಾಣೆಗೆ ಬಂದಾಗ ಇನ್‌ಸ್ಪೆಕ್ಟರ್ ನಂಜುಂಡಯ್ಯ ಆಗಲೇ ಎರಡು ಬದುವಿನ ಜಗಳ ಕೇಳಿ ಸುಸ್ತಾಗಿದ್ದರು. ಹುಡುಗಿಗೆ ಇಪ್ಪತ್ತೊಂದು ವರ್ಷ. ಊರು ಕೈಲಾಂಚದ ಕಡೆ, ಕೆಲಸ ಚನ್ನಪಟ್ಟಣದ ಲ್ಯಾಬೊಂದರಲ್ಲಿ. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಹನ್ನೊಂದು ವರ್ಷ ಆಗೋಗೈತೆ ಸಾರ್. ಈಗ್ಲೂ ಕಂಪ್ಲೇಂಟ್ ತಗತೀರಾ?”

ಏನು ವಿಷಯ ಎಂದು ನಂಜುಂಡಯ್ಯ ಕೇಳಲಿಲ್ಲ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಆ ದನಿ ಅವರಿಗೆ ಗೊತ್ತಾಗಿತ್ತು. ಪಿಎಸ್ಐ ಸಫೂರಾಳನ್ನು ಒಳಗೆ ಕರೆದರು.

“ಆಗ ನಿನಗೆಷ್ಟು ವಯಸ್ಸಮ್ಮ?” ಸಫೂರಾ ಕೇಳಿದಳು.

“ಹತ್ತು.”

“ತಗೋತೀವಿ. ಇಂಥ ಕೇಸಿಗೆ ಕಾಲಮಿತಿ ಇಲ್ಲ. 2014 ಅಂದ್ರೆ ಪೋಕ್ಸೊ ಬಂದ ಮೇಲಿನದು, ಅದರ ಜತೆ ಹಳೆಯ ಐಪಿಸಿ ಹಾಕ್ತೀವಿ. ನಿನ್ನ ಹೆಸರು ಹೊರಗೆ ಬರಲ್ಲ. ವಕೀಲರು ಬೇಕಾದ್ರೆ ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ಸಿಗ್ತಾರೆ.”

ದಿವ್ಯ ಆಗ ಕೂತಳು.

ಎಫ್‌ಐಆರ್ ಆಯಿತು. ಮಾರನೆಯ ದಿನ ಸಫೂರಾ ಯೂನಿಫಾರಂ ಬಿಟ್ಟು ಚೂಡಿದಾರದಲ್ಲಿ ಚನ್ನಪಟ್ಟಣದ ಬಾಡಿಗೆ ಕೋಣೆಗೆ ಹೋಗಿ ಹೇಳಿಕೆ ಬರೆದುಕೊಂಡಳು. ಅಪ್ಪ ಸತ್ತ ಮೇಲೆ ಅಮ್ಮ ಗಾರ್ಮೆಂಟ್ಸಿಗೆ ಹೋಗುತ್ತಿದ್ದರು, ದಿವ್ಯಳನ್ನು ಸಾಕಿದ್ದು ಅಜ್ಜಿ ಮುನಿಯಮ್ಮ. ರೇಷ್ಮೆಹುಳ ಹಣ್ಣಾಗಿ ಗೂಡು ಕಟ್ಟುವ ಮುಂಚಿನ ದಿನಗಳಲ್ಲಿ ಮನೆಯವರೆಲ್ಲ ಸೊಪ್ಪು ಕುಯ್ಯಲು ಹೋದರೆ, ಇರುವೆ ಹತ್ತದಂತೆ ಕಾಯಲು ಹುಡುಗಿಯನ್ನು ಹುಳದ ಮನೆಯಲ್ಲಿ ಬಿಡುತ್ತಿದ್ದರು. ಅಲ್ಲಿಗೆ ಬಂದವನು ಚಿಕ್ಕಪ್ಪ ಅನಂತರಾಜು. ಪಾಲಾಗಿ ಪಕ್ಕದ ಬೀದಿಯಲ್ಲಿದ್ದ, ಈಗ ಡೇರಿಯ ಅಧ್ಯಕ್ಷ. ಆ ಸಲ ಹುಳ ಸತ್ತವು. ಔಷಧಿ ಹೊಡೆದ ಸೊಪ್ಪು ಹಾಕಿದ್ದೀಯ ಎಂದು ಅಜ್ಜಿ ಹಿಪ್ಪುನೇರಳೆ ಕಡ್ಡಿಯಲ್ಲಿ ಬಾಸುಂಡೆ ಬರುವಂತೆ ಹೊಡೆದಿದ್ದಳು.

“ಅಜ್ಜಿಗೆ ಏನೂ ಗೊತ್ತಿಲ್ಲ ಮೇಡಂ. ಗೊತ್ತಿದ್ದಿದ್ರೆ ಅವನ್ನ ಕಡಿದಾಕ್ಬುಡ್ತಿತ್ತು. ಅಜ್ಜಿಗೆ ತೊಂದ್ರೆ ಕೊಡ್ಬೇಡಿ.”

ಬುಧವಾರ ಮ್ಯಾಜಿಸ್ಟ್ರೇಟರ ಮುಂದೆಯೂ ಅವಳು ಅದನ್ನೆಲ್ಲ ಹೇಳಿದಳು. ಒಂದೇ ನೋವನ್ನು ಮೂರು ದಿನದಲ್ಲಿ ಮೂರು ಸಲ ಹೇಳಿಸುವುದೇ ನಮ್ಮ ನ್ಯಾಯದ ದಾರಿ.

ಅನಂತರಾಜು ಕರೆದ ಕೂಡಲೇ ಬಂದ. ಇಸ್ತ್ರಿ ಷರಟು, ಎಡದವಡೆಯಲ್ಲಿ ಹೊಗೆಸೊಪ್ಪಿನ ಕಡ್ಡಿಪುಡಿ.

“ಹುಳದ ಮನೆಗೆ ಹೋಗಿದ್ಯಾ?” ನಂಜುಂಡಯ್ಯ ಕೇಳಿದರು.

“ಹೆಂಗೋಗ್ಲಿ ಸ್ವಾಮಿ? ಹೊಗೆಸೊಪ್ಪು ತಾಕುದ್ರೆ ಹುಳ ಉಳಿಯಲ್ಲ. ಕಡ್ಡಿಪುಡಿ ಹಾಕೋನ್ನ ಯಾರು ಒಳಗೆ ಬಿಟ್ಕತಾರೆ? ಊರೋರ್ನ ಕೇಳಿ.”

ಕೇಳಿದರು. ಊರವರೆಲ್ಲ ಹೌದೆಂದರು. ಅನಂತರಾಜು ಯಾವತ್ತೂ ಹೊಸಲಿನಾಚೆಯೇ ನಿಂತು ಮಾತಾಡಿಸಿ ಹೋಗುತ್ತಿದ್ದನಂತೆ. ವೈದ್ಯಕೀಯ ಪುರಾವೆಯ ಕಾಲ ಎಂದೋ ಮುಗಿದಿತ್ತು. ಹುಡುಗಿಯ ಮಾತೊಂದೇ ಸಾಕು ಎಂದು ಕಾನೂನು ಹೇಳುತ್ತದೆ. ಎದುರು ವಕೀಲ ಅದನ್ನು ಹಿಂಜಿ ಹಾಕುವುದನ್ನು ನಂಜುಂಡಯ್ಯ ಎಷ್ಟು ಸಲ ನೋಡಿದ್ದರೋ.

ಗುರುವಾರ ಸ್ಥಳ ಪಂಚನಾಮೆಗೆ ಹೋದರು. ಹುಳ ಸಾಕುವುದು ನಿಂತು ಆ ಮನೆಯಲ್ಲಿ ಈಗ ಹಿಂಡಿ ಮೂಟೆಗಳಿದ್ದವು. ಒಂದೇ ಬಾಗಿಲು, ಹಿಂದಿನ ಮೂಲೆ ಹೊರಗಿನವರಿಗೆ ಕಾಣುತ್ತಿರಲಿಲ್ಲ. ಪಂಚರು ಸಹಿ ಹಾಕಿ ಹೋದ ಮೇಲೆ ಸಫೂರಾ ಮುನಿಯಮ್ಮನ ಪಕ್ಕ ಕೂತಳು.

“ಆ ಸಲ ಹುಳ ಹೆಂಗೆ ಸತ್ತವು ಅಜ್ಜಿ?”

“ಕಕ್ಕಂಡು ಸತ್ವು.”

“ಎಲ್ಲಾ ತಟ್ಟೆ ಹುಳಾನೂ?”

“ಇಲ್ಲ. ಹಿಂದ್ಗಡೆ ಮೂಲೇವು.”

“ಸೊಪ್ಪು ಕೆಟ್ಟಿದ್ರೆ ಎಲ್ಲಾನೂ ಸಾಯ್ಬೇಕಿತ್ತಲ್ಲ?”

ಮುದುಕಿ ಸೆರಗಿನ ಅಂಚು ಉಜ್ಜಿದಳು.

“ಒಳಗೆ ಕಾಲಿಟ್ಟಾಗ್ಲೇ ಕಡ್ಡಿಪುಡಿ ವಾಸ್ನೆ ಬಂತು ಕಣವ್ವ. ತಟ್ಟೆ ಮೇಲೂ ಒಸಿ ಉದುರಿತ್ತು. ನಮ್ಮೋರಲ್ಲಿ ಹಾಕೋನು ಅವನೊಬ್ನೆ. ಮಗು ಮೂಲೇಲಿ ಕುಂತು ನಡುಗ್ತಾ ಇತ್ತು.”

“ಆದ್ರೂ ಅವಳಿಗೇ ಹೊಡೆದ್ರಿ.”

“ಹುಳ ಯಾಕ್ ಸತ್ವು ಅಂತ ಊರೋರು ಕೇಳುದ್ರೆ ಏನಾರ ಹೇಳ್ಬೇಕಿತ್ತಲ್ಲ. ಅವನು ನನ್ ಹೊಟ್ಟೇಲಿ ಹುಟ್ದೋನು.”

ಸಫೂರಾಗೆ ಸಿಟ್ಟು ನೆತ್ತಿಗೇರಿತು. ನಂಜುಂಡಯ್ಯ ಕಣ್ಣಲ್ಲೇ ತಡೆದರು.

“ನನ್ನೂ ಹಿಡ್ಕಂಡೋಯ್ತೀರಾ?” ಮುದುಕಿ ಕೇಳಿದಳು.

“ಅದು ಆಮೇಲಿನ ಮಾತು ಅಜ್ಜಿ. ಮ್ಯಾಜಿಸ್ಟ್ರೇಟ್ ಸಾಹೇಬ್ರ ಮುಂದೆ ಇದನ್ನೇ ಹೇಳ್ತೀರಾ?” ಎಂದರು ನಂಜುಂಡಯ್ಯ.

“ಹೇಳ್ತೀನಿ. ಇವತ್ತೇ ಕರ್ಕಂಡೋಗಿ. ನಾಳೆ ಅಂದ್ರೆ ಅವನು ಬಂದು ಕಾಲಿಗೆ ಬೀಳ್ತಾನೆ. ಆಮೇಲೆ ನನ್ ಕೈಲಾಗಲ್ಲ.”

ಅಂದೇ ರಾಮನಗರ ಕೋರ್ಟಿನಲ್ಲಿ ಅವಳ ಹೇಳಿಕೆ ದಾಖಲಾಯಿತು. ಸಂಜೆ ಐದೂವರೆಗೆ ಡೇರಿಯಲ್ಲಿ ಹಾಲು ಹಾಕುವ ಜನರ ಮುಂದೆಯೇ ಅನಂತರಾಜುವನ್ನು ಬಂಧಿಸಿದರು. ಜೀಪಿನಲ್ಲಿ ಅವನು ಕೇಳಿದ್ದು ಒಂದೇ ಮಾತು.

“ಅವ್ವನೇ ಹೇಳ್ತಾ?”

2014ರಲ್ಲಿ ಅವನಿಗೆ ಕುಡಿತವಿರಲಿಲ್ಲ, ಯಾರ ಮೇಲೂ ಹಗೆಯಿರಲಿಲ್ಲ. ಏನು ಮಾಡಿದರೂ ಅವ್ವ ಮುಚ್ಚಿಹಾಕುತ್ತಾಳೆ ಎಂಬ ಧೈರ್ಯವಿತ್ತು. ಹನ್ನೊಂದು ವರ್ಷ ಆ ಧೈರ್ಯ ಸುಳ್ಳಾಗಿರಲಿಲ್ಲ.

ಸಫೂರಾ ದಿವ್ಯಳಿಗೆ ಫೋನ್ ಮಾಡಿದಳು. ಬಂಧನವಾಗಿದೆ, ಅಜ್ಜಿಯ ಸಾಕ್ಷಿಯಿಂದ ಕೇಸು ಗಟ್ಟಿಯಾಗಿದೆ ಎಂದಳು.

“ಅಜ್ಜಿ ಏನಂತ ಸಾಕ್ಷಿ ಹೇಳ್ತು ಮೇಡಂ? ಅಜ್ಜಿ ನೋಡೇ ಇಲ್ವಲ್ಲ.”

“ಹುಳದ ಮನೇಲಿ ಕಡ್ಡಿಪುಡಿ ವಾಸನೆ ಆವತ್ತೇ ಬಂದಿತ್ತಂತೆ” ಎಂದಳು ಸಫೂರಾ. ಆರೋಪಪಟ್ಟಿಯ ಪ್ರತಿ ಬಂದಾಗ ಹುಡುಗಿ ಹೇಗೂ ಓದುತ್ತಾಳೆ.

“ಆಗ್ಲೇ ಗೊತ್ತಿತ್ತಾ?” ದಿವ್ಯಳ ದನಿ ಹತ್ತು ವರ್ಷದ ಮಗುವಿನದಾಗಿತ್ತು. “ಗೊತ್ತಿದ್ದೂ ನಂಗೆ ಹೊಡೀತಾ?”

“ಹೂಂ ಕಣಮ್ಮ” ಎಂದಳು ಸಫೂರಾ.