ಹೆಜ್ಜೆ ಮಣ್ಣು

"ಹಣ್ಣು ಬೇಕಾದ್ರೆ ಕಿತ್ಕೋ, ಬ್ಯಾಡ ಅನ್ನಾಕಿಲ್ಲ. ಮಣ್ಣು ಬೇಕಾದ್ರೆ ಕೈಯೊಡ್ಡು, ನಾನೇ ಕೊಡ್ತೀನಿ. ಎಜ್ಜೆ ಮಣ್ಣು ಮಾತ್ರ ಕದ್ದು ಎತ್ತಬ್ಯಾಡ ಕಣಮ್ಮ," ಎಂದಳು ಮುನಿಶಾಮಮ್ಮ. "ಎಜ್ಜೆ ಇಟ್ಟೋರ ಪ್ರಾಣ ಅದ್ರಾಗಿರ್ತೈತೆ."

ಲಿಖಿತಳಿಗೆ ನಗು ತಡೆಯಲಾಗಲಿಲ್ಲ. "ಒಂದು ಚಿಟಿಕೆ ಮಣ್ಣಲ್ಲಿ ಕೋಟಿ ಪ್ರಾಣ ಇರುತ್ತಜ್ಜಿ. ನಾನು ಓದಿರೋದೇ ಅದನ್ನ."

"ಅದ್ನೇ ಅಲ್ವಾ ನಾನೂ ಯೋಳಿದ್ದು?"

ಕ್ಯಾಸಂಬಳ್ಳಿ ಊರಿನಾಚೆಗಿದ್ದ ಮುನಿಶಾಮಮ್ಮನ ನಿಂಬೆ ತೋಪಿಗೆ ಚಪ್ಪಲಿ ಬಿಟ್ಟೇ ಹೋಗಬೇಕು. ಬರಿಗಾಲಿಗೆ ಒದ್ದೆ ಮಣ್ಣು ತಣ್ಣಗೆ ಅಂಟುತ್ತಿತ್ತು. ಸುತ್ತಲ ಊರುಗಳಲ್ಲೆಲ್ಲ ನಿಂಬೆ ಮರಗಳು ಬುಡ ಬಿರಿದು, ಅಂಟು ಸೋರಿ, ತೊಗಟೆ ಕೊಳೆತು ಸಾಯುತ್ತಿದ್ದವು. ಇಲ್ಲಿ ಎಲೆಯೆಲೆಯೂ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಬಂಗಾರಪೇಟೆಯ ಪ್ರಯೋಗಾಲಯದಲ್ಲಿ ಲಿಖಿತ ಎರಡು ವರ್ಷ ನಿದ್ದೆಗೆಟ್ಟು ಬೆಳೆಸಿದ, ರೋಗವನ್ನೇ ತಿನ್ನುವ ಹಸಿರು ಬೂಷ್ಟಿನ ಪುಡಿಯನ್ನು ರೈತರು ವಾಪಸ್ ತಂದಿಟ್ಟಿದ್ದರು. "ಮುನಿಶಾಮಮ್ಮನ ಒಂದು ಹಿಡಿ ಮಣ್ಣೇ ಸಾಕು ಮೇಡಂ." ಅಕ್ಷರ ಬಾರದ ಮುದುಕಿಯ ಒಂದು ಹಿಡಿ ಮಣ್ಣು! ಆ ಮಾತು ಮುರಿದ ಮುಳ್ಳಿನಂತೆ ಎದೆಯಲ್ಲೇ ನಿಂತಿತ್ತು. ಅಂಥವಳ ಮುಂದೆ ಕೈಯೊಡ್ಡುವುದೆ?

ಮುದುಕಿ ಮಜ್ಜಿಗೆ ತರಲು ಒಳಗೆ ಹೋದಳು. ಹಳೇ ಮರದ ಪಾತಿಯಲ್ಲಿ ಎಡಗಾಲ ಹೆಜ್ಜೆಯೊಂದು ಐದೂ ಬೆರಳು ಅಚ್ಚೊತ್ತಿ ಬಿದ್ದಿತ್ತು. ಲಿಖಿತ ಬೇಕೆಂದೇ ಅದನ್ನು ಬಾಚಿಕೊಂಡಳು.

ಪ್ರಯೋಗಾಲಯಕ್ಕೆ ಮರಳಿ, ಮಣ್ಣಿನ ಪೊಟ್ಟಣದ ಚೀಟಿಯ ಮೇಲೆ 'ಮುನಿಶಾಮಮ್ಮ' ಎಂದು ಬರೆದಳು. ರೋಗ ಹಾಕುವ ಮಾದರಿಗೆ ಕೆಂಪು ದಾರ ಕಟ್ಟುವುದು ಅಲ್ಲಿಯ ರೂಢಿ, ಕಟ್ಟಿದಳು. ಕತ್ತಲ ಕೋಣೆಯ ಬೆಚ್ಚನೆ ಪೆಟ್ಟಿಗೆಯಲ್ಲಿಟ್ಟು, ಅಂಟು ಸೋರುವ ಆ ರೋಗದ ಬೀಜಾಣುಗಳನ್ನು ಸೂಜಿಯಿಂದ ಚುಚ್ಚಿದಳು. ಈ ಮಣ್ಣು ರೋಗವನ್ನು ತಡೆಯುತ್ತದೆಯೇ ಎಂದು ನೋಡಲು ಒಮ್ಮೆ ಚುಚ್ಚಿದರೆ ಸಾಕಿತ್ತು. ದಿನಾ ಚುಚ್ಚಿದಳು. "ಕೊಳೆತು ಹೋಗು," ಎಂದು ಹಲ್ಲು ಕಚ್ಚಿದಳು.

ಸಹಾಯಕ ಕುಪ್ಪುಸ್ವಾಮಿ ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನಿನಲ್ಲಿ ಹುಟ್ಟಿ ತಲೆ ನರೆತವನು. ಮಣ್ಣು ಕದ್ದ ಕತೆಯನ್ನು ಅವಳೇ ನಗುತ್ತ ಅವನಿಗೆ ಹೇಳಿದ್ದಳು. ಅವನು ಕತ್ತಲ ಕೋಣೆಯ ಬಾಗಿಲು ದಾಟಲಿಲ್ಲ.

"ಎಜ್ಜೆ ಮಣ್ಣು, ಹೆಸರು, ಕೆಂಪು ದಾರ, ಸೂಜಿ... ನಮ್ ಲೈನಲ್ಲಿ ಇದುಕ್ಕೆ ಸೂನಿಯಂ ಅಂತಾರೆ ಮೇಡಂ. ಮಾಟ."

"ಮಾಟ ಅಲ್ಲ ರೀ, ಮೈಕ್ರೋಬಯಾಲಜಿ."

"ಲ್ಯಾಬಲ್ಲಿ ಯಾರಾದ್ರೂ ಮಣ್ಣನ್ನ ಬೈತಾರಾ ಮೇಡಂ?"

ಒಂಬತ್ತನೆಯ ದಿನ ಅವಳ ಎಡಗಾಲ ಗಿಣ್ಣಿನಲ್ಲಿ ತುರಿಕೆ ಎದ್ದಿತು. ಚರ್ಮ ಬಿರಿದಿತ್ತು. ರಕ್ತವಿಲ್ಲ. ಜೇನುಬಣ್ಣದ ಅಂಟು. ಹಿಸುಕಿದ ನಿಂಬೆ ಎಲೆಯ ಘಾಟು, ಅದರಡಿಯಲ್ಲಿ ಕೊಳೆತ ಬೇರಿನ ನಾತ. ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟಳು. ನಿಂಬೆಹಣ್ಣಿನ ಆಕಾರದ ಕೋಶಗಳು. ಅದೇ ರೋಗ. ಮನುಷ್ಯರ ಮಾಂಸದಲ್ಲಿ ಎಂದೂ ಬದುಕದ ರೋಗ.

 ಪೊಟ್ಟಣವನ್ನು ಜೀವಾಣು ಕೊಲ್ಲುವ ಹಬೆಯ ಯಂತ್ರಕ್ಕೆಸೆದು ಮುಚ್ಚಳ ಬಿಗಿದಳು. ಯಂತ್ರ ಸಿಳ್ಳೆ ಹಾಕಿತು. ಆ ಕ್ಷಣವೇ ಪಾದ ಮರಗಟ್ಟಿತು. ಬಿರುಕು ಗಿಣ್ಣಿನ ಸುತ್ತ ಹರಿಯತೊಡಗಿತು.

ಆಟೋ ಹಿಡಿದು ತೋಪಿಗೆ ಓಡಿದಳು. ಮುನಿಶಾಮಮ್ಮ ಗಟ್ಟಿಮುಟ್ಟಾಗಿ ಪಾತಿಗೆ ನೀರು ಕಟ್ಟುತ್ತಿದ್ದಳು. ಆ ಭಯದಲ್ಲೂ ಲಿಖಿತಳ ಹೊಟ್ಟೆ ಉರಿಯಿತು. ಇವಳಿಗೇನೂ ಆಗಿಲ್ಲವಲ್ಲ!

ಮುದುಕಿ ಅವಳ ಕಾಲು ನೋಡಿದಳು. ನಿಟ್ಟುಸಿರಿಟ್ಟು ತನ್ನ ಸೀರೆಯ ಅಂಚನ್ನೆತ್ತಿದಳು. ಎಡಪಾದದಲ್ಲಿ ಕಿರುಬೆರಳಿರಲಿಲ್ಲ.

"ಗುದ್ಲಿ ಏಟಿಗೆ ಓಗಿ ನಲವತ್ತು ವರ್ಸ. ನೀನೆತ್ತಿದ ಎಜ್ಜೆಗೆ ಬೆರಳೆಷ್ಟಿದ್ವವ್ವ?"

ಐದು. ಬರಿಗಾಲಲ್ಲಿ ಅಲ್ಲಿ ನಿಂತಿದ್ದವಳು ತಾನು; ಅದು ತನ್ನದೇ ಹೆಜ್ಜೆ.

"ಆ ಮಣ್ಣು ಕೊಡು, ಮರದ ಬುಡಕ್ಕೆ ಆಕಾನ. ಅದ್ರಾಗೆ ಜೀವ ಇದ್ರೆ ಅದೇ ವಾಸಿ ಮಾಡ್ತೈತೆ."

"ಬೇಯಿಸಿಬಿಟ್ಟೆ ಅಜ್ಜಿ."

"ಒಂದು ಪ್ರಾಣಾನೂ ಉಳೀದಂಗಾ?"

ಲಿಖಿತ ಬಗ್ಗಿ ತನ್ನ ಕಾಲು ನೋಡಿದಳು.  ಅಂಟು ತೊಟ್ಟಿಕ್ಕಿತು. ಬಿರುಕಿನ ಎರಡು ತುದಿಗಳು ಹರಿದು ಬಂದವು. ಇನ್ನೊಂದು ಬೆರಳಗಲ. ಇನ್ನೊಂದು ಕೂದಲೆಳೆ. ಮುಟ್ಟಿದವು.

ರೈತರಿಗೆ ಅವಳೇ ಎಷ್ಟೋ ಸಲ ಹೇಳಿದ್ದಳು: ಬಿರುಕು ಬುಡವನ್ನು ಸುತ್ತಿ ಕೂಡಿತೆಂದರೆ ಮರ ಮುಗಿಯಿತು, ಮೊದಲು ಎಲೆ ಹಳದಿಯಾಗುತ್ತದೆ.

ಲಿಖಿತ ಮೆಲ್ಲಗೆ ಅಂಗೈ ಬಿಡಿಸಿ ನೋಡಿಕೊಂಡಳು.