ಕೊನೇಕುರ್ಚಿಯ ಪಿಟೀಲು

ರಿಹರ್ಸಲ್ ಮಧ್ಯೆ ಕಂಡಕ್ಟರು ಕೋಲೆತ್ತಿ ಎಲ್ಲರನ್ನೂ ನಿಲ್ಲಿಸಿದಾಗಲೇ ಅವನಿಗೆ ಗೊತ್ತಾಯ್ತು, ಇದು ತನ್ನ ಬುಡಕ್ಕೇ ಬರೋದು ಅಂತ.

"ಹಿಂದೆ ಯಾರ್ರೀ ಅದು ಬೆಕ್ಕಿನ ಬಾಲ ತುಳೀತಿರೋದು?"

ಇಡೀ ಆರ್ಕೆಸ್ಟ್ರಾ ಕಿಸಕ್ ಅಂತು. ತುತ್ತೂರಿಯವನಂತೂ ತುತ್ತೂರಿ ಒಳಗೇ ನಕ್ಕ, ಅದು ಎರಡು ಪಟ್ಟು ದೊಡ್ಡದಾಗಿ ಕೇಳಿಸ್ತು.

"ಕೊನೇಕುರ್ಚಿ, ನಿಮ್ಮ ತಂತಿ ಮತ್ತೆ ಇಳಿದಿದೆ ಕಣ್ರೀ. ನಿಮ್ಮ ತಂತಿ ಇಳಿಯೋದು ನೋಡಿ ನೋಡಿ ನನ್ನ ಬಿಪಿ ಏರ್ತಿದೆ."

ಇಷ್ಟು ವರ್ಷ ಆದ್ರೂ ಆ ಮನುಷ್ಯನಿಗೆ ಇವನ ಹೆಸರು ಗೊತ್ತಿಲ್ಲ. ಪಿಟೀಲಿನವರ ಸಾಲಲ್ಲಿ ಕಟ್ಟಕಡೇ ಕುರ್ಚಿ, ಪಕ್ಕದಲ್ಲಿ ಕಂಬ, ಹಾಗಾಗಿ ಕೊನೇಕುರ್ಚಿ. ಕಂಡಕ್ಟರಂತೆ ಕಂಡಕ್ಟರು! ಬಸ್ಸಿನ ಕಂಡಕ್ಟರಾದ್ರೂ ಹತ್ತಿದವರನ್ನ ಒಂದ್ಸಲ ಮುಖ ಎತ್ತಿ ನೋಡ್ತಾನೆ.

ಅವತ್ತು ಬೈಗುಳದ ಜೊತೆ ಸುದ್ದೀನೂ ಬಂತು. ಮೂರು ತಿಂಗಳು ಬಿಟ್ಟು ಎಲ್ಲರಿಗೂ ಮತ್ತೆ ಪರೀಕ್ಷೆ. ಪರದೆ ಹಿಂದೆ ನಿಂತು ಬಾರಿಸ್ಬೇಕು, ಪರದೆ ಮುಂದೆ ಕೂತೋರು ಬರೀ ನಾದ ಕೇಳಿ ಮಾರ್ಕ್ಸ್ ಹಾಕ್ತಾರೆ. ಕಡಿಮೆ ಬಂದೋರಿಗೆ ಬಾಗಿಲು ಆ ಕಡೆ.

ಎಲ್ಲರೂ ಹೆದರಿದ್ರು. ಕೊನೇಕುರ್ಚಿ ಮಾತ್ರ ಮನೆಗೆ ಹೋಗಿ ಆರಾಮಾಗಿ ಕಾಲು ಚಾಚಿ ಯೋಚನೆ ಮಾಡಿದ. ತಪ್ಪು ತನ್ನ ಕೈಯದ್ದಲ್ಲ, ಪಿಟೀಲಿಂದು. ತಂತಿ ಬಿಗಿಯೋ ಬಿರಡೆ ಸವೆದು ಸವೆದು ತಂತಿ ನಿಲ್ಲೋದೇ ಇಲ್ಲ. ಒಳ್ಳೇ ಪಿಟೀಲೊಂದು ಇದ್ರೆ ಅವನು ಯಾರಿಗೆ ಕಡಿಮೆ? ಪರದೆ ಹಿಂದೆ ನಿಂತಾಗ ಕೈಯಲ್ಲಿರೋದು ಯಾವ ಪಿಟೀಲು ಅಂತ ಯಾರಿಗೆ ಕಾಣತ್ತೆ?

ಒಳ್ಳೇ ಪಿಟೀಲು ಅಂದ್ರೆ ಅವನ ತಲೇಲಿ ಇದ್ದಿದ್ದು ಒಂದೇ. ಸೋಲೋ ಮೇಡಂದು. ದೂರದೂರಿಂದ ಬಂದು, ಪರೀಕ್ಷೆಗೆ ಮುಂಚಿನ ಕಛೇರೀಲಿ ಒಬ್ಬರೇ ಮುಂದೆ ನಿಂತು, ಇವರ ಜೊತೆ ಪ್ರೇಮವ್ಯಥೆಯ ಒಂದು ಹಳೇ ಮೂರು ಭಾಗದ ಕಾನ್ಸರ್ಟೊ ಬಾರಿಸೋಕಿರೋ ದೊಡ್ಡ ಕಲಾವಿದೆ. ಆ ಪಿಟೀಲು ಅಜ್ಜನ ಕಾಲದ್ದು, ಮುಟ್ಟಿದ್ರೆ ಸಾಕು ಅದೇ ಹಾಡತ್ತೆ. ಮೇಡಂ ಅದಕ್ಕೆ ಲೋಹದ್ದಲ್ಲ, ಹಳೇ ಕಾಲದವರ ಹಾಗೆ ಕುರಿ ಕರುಳಿನ ತಂತೀನೇ ಹಾಕ್ತಾರೆ.

ಕದಿಯೋದು ಹೇಗೆ? ಇಲ್ಲೇ ಅವನ ಬುದ್ಧಿ ಮಿಂಚಿದ್ದು. ಕದಿಯೋದೇ ಬೇಡ, ಅವರೇ ತಂದು ಕೈಗಿಡ್ತಾರೆ.

ಆರ್ಕೆಸ್ಟ್ರಾದಲ್ಲಿ ಹಳೇ ಪದ್ಧತಿ ಒಂದಿದೆ. ಬಾರಿಸ್ತಾ ಬಾರಿಸ್ತಾ ಸೋಲೋದವರ ತಂತಿ ಕಿತ್ತುಹೋದ್ರೆ ಸಂಗೀತ ನಿಲ್ಲಿಸೋ ಹಾಗಿಲ್ಲ. ಅವರು ಪಟ್ಟಂತ ಮೊದಲ ಕುರ್ಚಿಯವರ ಪಿಟೀಲು ಇಸ್ಕೊಂಡು ಮುಂದುವರಿಸ್ತಾರೆ. ಮೊದಲ ಕುರ್ಚಿಯವರು ಹಿಂದಿನವರದ್ದು ಇಸ್ಕೋತಾರೆ, ಅವರು ತಮ್ಮ ಹಿಂದಿನವರದ್ದು. ಹೀಗೆ ತಂತಿ ಕಿತ್ತ ಪಿಟೀಲು ಕೈಯಿಂದ ಕೈಗೆ ಹಿಂದಕ್ಕೆ ಹಿಂದಕ್ಕೆ ಬಂದು ಕಡೆಗೆ ಯಾರ ತೊಡೆ ಮೇಲೆ ಬೀಳತ್ತೆ? ಕೊನೇಕುರ್ಚಿಯ ತೊಡೆ ಮೇಲೆ! ಅವನು ಎದ್ದು ಒಳಗೆ ಹೋಗಿ ಹೊಸ ತಂತಿ ಹಾಕ್ಕೊಂಡು ಬರಬೇಕು. ಒಬ್ಬನೇ. ಅದು ಅವನ ಕರ್ತವ್ಯ!

ಒಳಗೆ ಹೋದೋನು ಅಸಲಿ ಇಟ್ಟು ನಕಲಿ ತರೋದು, ಅಷ್ಟೇ.

ನಕಲಿ ಮಾಡಿಕೊಟ್ಟಿದ್ದು ಅವನ ಭಾವ. ಪಿಟೀಲು ರಿಪೇರಿ ಮಾಡೋ ಪುಣ್ಯಾತ್ಮ. ಮೇಡಂ ಹಿಂದಿನ ಸಲ ಬಂದಾಗ ಕೊನೇಕುರ್ಚಿ ಅವರ ಪಕ್ಕ ನಿಂತು ಹಲ್ಲು ಕಿರಿದು ತೆಗೆಸ್ಕೊಂಡ ಫೋಟೋಗಳನ್ನೆಲ್ಲ ದೊಡ್ಡದು ಮಾಡಿ ನೋಡಿ, ಗೀರು, ಕಲೆ, ಸವೆದ ಬಣ್ಣ ಒಂದೂ ಬಿಡದೆ ಕೂರಿಸಿಬಿಟ್ಟ.

"ಭಾವ, ಮೇಡಂಗೆ ಸರ್‌ಪ್ರೈಸ್ ಗಿಫ್ಟು. ಅಕ್ಕಂಗೂ ಹೇಳ್ಬೇಡ."

"ನಿಮ್ಮಕ್ಕಂಗೆ ಹೇಳಿದ್ರೆ ಗಿಫ್ಟು ಅವಳೇ ಇಟ್ಕೋತಾಳೆ, ಬಿಡು. ನೋಡು, ತಂತಿ ಮಾತ್ರ ಹುಷಾರು. ಕರುಳಿನ ತಂತಿ, ಹೊಸದು, ಪುಟ್ಟ ಮಗು ಇದ್ದ ಹಾಗೆ. ಒಂದು ಕಡೆ ನಿಲ್ಲಲ್ಲ, ಜಾರ್ತಾನೇ ಇರತ್ತೆ. ವಾರಗಟ್ಟಲೆ ದಿನಾ ಎಳೆದು ಎಳೆದು ಬಿಗಿ ಮಾಡ್ತಿರು, ಆಮೇಲೆ ಜಪ್ಪಯ್ಯ ಅಂದ್ರೂ ಅಲುಗಲ್ಲ."

ಕೊನೇಕುರ್ಚಿ ಚಾಚೂ ತಪ್ಪದೆ ಪಾಲಿಸಿದ. ಮೇಡಂ ಪಿಟೀಲು ಕೈಗೆ ತಗೊಂಡ ತಕ್ಷಣ ತಂತಿ ಮೀಟೇ ಮೀಟ್ತಾರೆ. ಆಗ ಅಪಸ್ವರ ಬಂದ್ರೆ ಮುಗೀತು, ತಿರುಗಿಸಿ ಮುರುಗಿಸಿ ನೋಡೋಕೆ ಶುರು ಮಾಡ್ತಾರೆ. ಅದಕ್ಕೇ ದಿನಾ ಬೆಳಗ್ಗೆ ಹಲ್ಲುಜ್ಜೋಕ್ಕೂ ಮುಂಚೆ ಬಿರಡೆ ತಿರುಗಿಸಿದ. ತನ್ನ ಸ್ವಂತ ಪಿಟೀಲಿಗೆ ಜನ್ಮದಲ್ಲಿ ಇಷ್ಟು ಸೇವೆ ಮಾಡಿರ್ಲಿಲ್ಲ.

ಕಛೇರಿ ಆದ ಮಾರನೇ ದಿನವೇ ಮೇಡಂ ವಿಮಾನ ಹತ್ತಿ ರಜಕ್ಕೆ ಹೋಗ್ತಾರೆ. ರಜದಲ್ಲಿ ಪೆಟ್ಟಿಗೆ ತೆಗೆಯಲ್ಲ ಅಂತ ಅವರೇ ಹೇಳಿದ್ರು. ಮುಂದೆಂದೋ ಬಾರಿಸಿ ಅನುಮಾನ ಬರೋ ಹೊತ್ತಿಗೆ ಹೋಟೆಲು, ಟ್ಯಾಕ್ಸಿ, ಏರ್‌ಪೋರ್ಟು, ಎಷ್ಟು ಕೈ ದಾಟಿರತ್ತೆ! ಯಾರನ್ನ ಅಂತ ಹಿಡೀತಾರೆ? ಪರೀಕ್ಷೆ ಮುಗಿದ್ಮೇಲೆ ವಾಪಸ್ ಕಳಿಸಿಬಿಡೋಣ ಅಂತಲೂ ಅಂದ್ಕೊಂಡ. ಅಂದ್ಕೊಳ್ಳೋಕೆ ಏನು ಖರ್ಚು?

ಕಛೇರಿ ದಿನ ಎರಡು ಪಿಟೀಲು ಹಿಡಿಯೋ ಜೋಡಿ ಪೆಟ್ಟಿಗೆ ತಗೊಂಡು ಹೋದ. ಮೇಡಂ ಕಾಫಿ ಕುಡಿಯೋಕೆ ಹೋದಾಗ ಅವರ ಕೋಣೆಗೆ ಹೂಗುಚ್ಛ ಇಡೋ ನೆಪದಲ್ಲಿ ನುಗ್ಗಿ, ನೇಲ್ ಕಟರಿನ ಅರದಿಂದ ಎರಡನೇ ತಂತೀನ ಬಿರಡೆ ಹತ್ರ ಒಂಚೂರು ಉಜ್ಜಿದ. ಹೂಗುಚ್ಛಾನೂ ಇಟ್ಟ. ಮರ್ಯಾದೆ ಮರ್ಯಾದೆನೇ.

ಮೊದಲ ಎರಡು ಭಾಗ ತಂತಿ ತಡ್ಕೊಂಡ್ತು. ನಿಧಾನದ ಭಾಗದಲ್ಲಿ ಸಭೆಯೆಲ್ಲ ಮೂಗು ಸೋರಿಸ್ಕೊಂಡು ಅತ್ತರೆ, ಕೊನೇಕುರ್ಚಿ ಅತ್ತಿದ್ದು ತಂತಿ ಇನ್ನೂ ಕಿತ್ತಿಲ್ಲವಲ್ಲ ಅಂತ. ಮೂರನೇ ಭಾಗ ಶುರುವಾಯ್ತು. ಮೇಡಂ ಕಮಾನು ಬೀಸಿ ಒಂದು ಏಟು ಕೊಟ್ರು ನೋಡಿ, ಟಪ್!

ಪದ್ಧತಿ ಗಡಿಯಾರದ ಹಾಗೆ ಓಡ್ತು. ಪಿಟೀಲು ಸಾಲಿಂದ ಸಾಲಿಗೆ ದಾಟಿ ಬಂತು. ಮುಂದಿನ ಕುರ್ಚಿಯ ಹೆಂಗಸು, ಬಾಯಲ್ಲಿ ಯಾವಾಗ್ಲೂ ಪೆಪ್ಪರ್‌ಮಿಂಟ್ ಇಟ್ಕೊಂಡಿರೋ ಆಕೆ, ಇವನ ಪಿಟೀಲು ಕಿತ್ಕೊಂಡು ಅಸಲೀನ ಕೈಗಿಟ್ಟು ಪಿಸುಗುಟ್ಟಿದ್ಳು, "ಓಡೋ ಮಾರಾಯಾ, ಬೀಳಿಸ್ಬೇಡ!"

ಅವನು ಓಡಿದ. ಪೆಟ್ಟಿಗೆ ತೆಗೆದ, ಅಸಲಿ ಒಳಗೆ, ನಕಲಿ ಹೊರಗೆ, ಚಿಲಕ ಟಕ್. ಹೊಸ ತಂತಿ ಹಾಕೋಕೆ ಬೇಕಾಗೋಷ್ಟು ಹೊತ್ತು ಸುಮ್ಮನೆ ಕೂತು ಪರೀಕ್ಷೇಲಿ ಏನು ಬಾರಿಸೋದು ಅಂತ ಲೆಕ್ಕ ಹಾಕಿದ. ಆಮೇಲೆ ಬೆವರು ಒರೆಸ್ಕೊಂಡು, ವಿಧೇಯ ಮುಖ ಹಾಕ್ಕೊಂಡು, ಪೆಟ್ಟಿಗೇನ ಕಾಲ ಹತ್ರ ಇಟ್ಕೊಂಡು, ಸ್ಟೇಜಿನ ಪಕ್ಕದ ಮಬ್ಬಲ್ಲಿ ನಿಂತ.

ಚಪ್ಪಾಳೆ ಮುಗಿದ್ಮೇಲೆ ಮೇಡಂ ಬಂದ್ರು, ಹಿಂದೆ ಕಂಡಕ್ಟರು.

"ಅಯ್ಯೋ, ಬದುಕಿಸಿಬಿಟ್ರಿ! ಹಾಕಿದ್ರಾ ತಂತಿ?"

"ಈಗಷ್ಟೇ ಹಾಕಿದೆ ಮೇಡಂ."

ಮೇಡಂ ಹೆಬ್ಬೆರಳಲ್ಲಿ ಮೀಟಿದ್ರು. ಟಿಂಗ್. ಚೊಕ್ಕ ಚಿನ್ನ. ಕೊನೇಕುರ್ಚಿಯ ಎದೆ ಉಬ್ಬಿತು. ಯಾರೋ ಬಂದು ಹಾರ ಹಾಕಿದ್ರು, ಯಾರೋ ಸೆಲ್ಫಿ ತಗೊಂಡ್ರು, ಮತ್ತ್ಯಾರೋ ತಮ್ಮ ಮಗಳೂ ಕಲೀತಿದ್ದಾಳೆ ಅಂತ ಸುಮಾರು ಹೊತ್ತು ಪಿಟೀಲು ಕುಯ್ದ್ರು. ಅವರನ್ನೆಲ್ಲ ಕಳಿಸಿ ಮೇಡಂ ಮತ್ತೆ ಮೀಟಿದ್ರು. ಟಿಂಗ್. ಹಾಗೇ ಇದೆ. ಇನ್ನೊಂದ್ಸಲ. ಟಿಂಗ್.

ಮೇಡಂ ತಲೆ ಎತ್ತಿ ಅವನನ್ನೇ ನೋಡಿದ್ರು. "ಈಗಷ್ಟೇ ಹಾಕಿದ ಕರುಳಿನ ತಂತಿ, ಒಂದು ಎಳೆಯಷ್ಟೂ ಇಳಿದಿಲ್ವಲ್ಲ! ನನ್ನ ಕೈಯಲ್ಲೇ ಅದು ವಾರ ಕುಣಿಸತ್ತೆ. ಹೇಗ್ರೀ ನಿಲ್ಲಿಸಿದ್ರಿ?" ಕೊನೇಕುರ್ಚಿಯ ಕಿವೀಲಿ ಭಾವನ 'ಹೊಸದು ಜಾರ್ತಾನೇ ಇರತ್ತೆ' ಅನ್ನೋ ಮಾತು ಈಗ, ಇಷ್ಟು ತಡವಾಗಿ, ಸರಿಯಾಗಿ ಕೇಳಿಸ್ತು. ಕಂಡಕ್ಟರು ಹತ್ರ ಬಂದು, ಇಷ್ಟು ವರ್ಷದಲ್ಲಿ ಮೊದಲ ಸಲ, ಅವನ ಮುಖಾನೇ ನೋಡಿ ಕೇಳಿದ್ರು: "ಅದೇ ನಾನೂ ಕೇಳ್ಬೇಕು ಅಂತಿದ್ದೆ. ಹುಟ್ಟಿದಾಗಿಂದ ನಿಮ್ಮ ಕೈಲಿ ಇಳೀತಿದ್ದ ತಂತಿ ಇವತ್ತ್ಯಾಕ್ರೀ ಇಳೀಲಿಲ್ಲ?" ಅಷ್ಟರಲ್ಲಿ ಹಿಂದಿನಿಂದ ಪೆಪ್ಪರ್‌ಮಿಂಟ್ ವಾಸನೆ ಬಂತು. "ನಿಂತೇ ಇದೀಯಲ್ಲೋ! ನಿನ್ನ ಪಿಟೀಲು ತಂದಿದೀನಿ, ತಾಳು, ನಾನೇ ಒಳಗಿಡ್ತೀನಿ," ಅಂತ ಮುಂದಿನ ಕುರ್ಚಿಯಾಕೆ ಜೋಡಿ ಪೆಟ್ಟಿಗೆ ಮುಂದೆ ಮಂಡಿಯೂರಿದ್ಳು. ಚಿಲಕ ಟಕ್ ಅಂತು.