ಕೊನೇ ಸ್ಥಾನದ ಊರಿನ ಹುಡುಗಿ

"ಮೇಡಂ, ಈ ಜಿಲ್ಲೆಯಲ್ಲಿ ಬದುಕೋದು ಹೇಗಿದೆ?"

ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಆರು ವರ್ಷದಿಂದ ಕೂರುತ್ತಿದ್ದ ಅವಳನ್ನು ಜನ ಏನೇನೋ ಕೇಳಿದ್ದರು. ಬಸ್ಸು ಎಷ್ಟೊತ್ತಿಗೆ, ಕುಡಿಯುವ ನೀರು ಎಲ್ಲಿ, ನನ್ನ ಗಂಡ ಎಲ್ಲಿ ಹೋದ... ಇಂಥ ಪ್ರಶ್ನೆ ಮಾತ್ರ ಯಾರೂ ಕೇಳಿರಲಿಲ್ಲ!

ತಲೆ ಎತ್ತಿದಳು. ಎದುರಿಗೊಬ್ಬ ಯುವಕ. ಹೆಗಲಲ್ಲಿ ಚೀಲ, ಕೈಯಲ್ಲಿ ಹಲಗೆಗೆ ಸಿಕ್ಕಿಸಿದ ಕಾಗದಗಳು, ಎರಡು ದಿನದ ಗಡ್ಡ. ಕಣ್ಣು ಮಾತ್ರ ನಗುತ್ತಿತ್ತು.

"ಯಾವ ಬಸ್ಸು ಅಂತ ಕೇಳಿ. ಬದುಕಿಗೆಲ್ಲ ಇಲ್ಲಿ ಟೈಮ್ ಟೇಬಲ್ ಇಲ್ಲ."

"ಬಸ್ಸು ಬೇಡ ಮೇಡಂ. ನಾನು ವಾರಪತ್ರಿಕೆಯವನು. ರಾಜ್ಯದಲ್ಲಿ ನಾವು ಆರಿಸಿಕೊಂಡ ಹತ್ತೊಂಬತ್ತು ಜಿಲ್ಲೆಗಳಲ್ಲಿ ಯಾವುದು ವಾಸಕ್ಕೆ ಚೆನ್ನಾಗಿದೆ ಅಂತ ಪ್ರತಿ ವರ್ಷ ಅಂಕ ಕೊಡ್ತೀವಲ್ಲ, ಆ ಕೆಲಸ ನಂದು. ನೀರು, ಶಾಲೆ, ಆಸ್ಪತ್ರೆ, ರಸ್ತೆ... ಹದಿನೆಂಟು ಜಿಲ್ಲೆ ಮುಗೀತು. ಇದೇ ಕೊನೇದು."

"ಓಹೋ! ಮಾರ್ಕ್ಸ್ ಕಾರ್ಡ್ ಬರೆಯೋಕೆ ಬಂದಿದ್ದೀರಿ ಅನ್ನಿ!"

ಅವನು ಜೋರಾಗಿ ನಕ್ಕ. ಹಿಂದೆ ಸಾಲಿನಲ್ಲಿ ನಿಂತಿದ್ದವರು ಗೊಣಗಿದರು. ಅವಳಿಗೆ ಯಾಕೋ ಮುಂದಿನ ಬಸ್ಸಿನ ಹೆಸರೇ ಮರೆತುಹೋಯಿತು.

ಅಂದಿನಿಂದ ಅವನು ಅವಳ ಪಾಲಿಗೆ ಮಾರ್ಕ್ಸ್ ಕಾರ್ಡ್. ಅವಳಂತೂ ಊರಿಗೆಲ್ಲ ಮೊದಲಿನಿಂದಲೂ ಮೈಕಮ್ಮ. ಬಸ್ಸುಗಳು ಬರುವುದು ಹೋಗುವುದನ್ನು ಮೈಕಿನಲ್ಲಿ ಕೂಗುವವಳು ಅವಳೇ ತಾನೆ?

ಮೂರು ವಾರ ಅವನು ಊರಲ್ಲಿದ್ದ. ಎರಡು ಗಂಟೆಗೆ ಅವಳ ಡ್ಯೂಟಿ ಮುಗಿದರೆ ಇಬ್ಬರೂ ಬೀದಿ ಬೀದಿ ಸುತ್ತುತ್ತಿದ್ದರು. ತನ್ನ ಊರು ಫೇಲಾಗಬಾರದೆಂದು ಅವಳು ಪಟ್ಟ ಪಾಡು ಒಂದೆರಡಲ್ಲ. ಅವನು ಹೋಗುವ ಬೀದಿಗೆ ಮೊದಲೇ ಹೋಗಿ, "ಒಳ್ಳೇದು ಹೇಳ್ರಪ್ಪ, ಮರ್ಯಾದೆ ಪ್ರಶ್ನೆ" ಎಂದು ಎಲ್ಲರಿಗೂ ಪಾಠ ಮಾಡಿ ಬರುತ್ತಿದ್ದಳು. ಕ್ಷೌರದ ಅಂಗಡಿಯವನು ಪಾಠವನ್ನು ಚೆನ್ನಾಗಿಯೇ ಒಪ್ಪಿಸಿದ.

"ನೀರಾ ಸಾರ್? ದಿನಾ ಬರುತ್ತೆ! ಬೇಡ ಅಂದ್ರೂ ಬರುತ್ತೆ!"

ಮಾರ್ಕ್ಸ್ ಕಾರ್ಡ್ ಎದ್ದುಹೋಗಿ ನಲ್ಲಿ ತಿರುಗಿಸಿದ. ನಲ್ಲಿ ಬುಸ್ ಎಂದು ಗಾಳಿ ಬಿಟ್ಟಿತು. ದಾರಿಯುದ್ದಕ್ಕೂ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗುನಗುತ್ತಲೇ ಅವಳು ಅವನನ್ನು ನಂಬಿದಳು. ಯಾರಿಗೂ ಹೇಳದ್ದನ್ನು ಹೇಳುವಷ್ಟು ನಂಬಿದಳು...

ಅವನು ಹೊರಡುವ ಹಿಂದಿನ ಸಂಜೆ. ನಿಲ್ದಾಣದ ನಾಲ್ಕನೇ ಬೆಂಚು.

"ನಮ್ಮಪ್ಪ ಹೋಗಿ ಮೂರು ವರ್ಷ ಆಯ್ತು" ಎಂದು ಶುರು ಮಾಡಿದಳು. "ಬೆಳಿಗ್ಗೆ ಎದೆನೋವು ಅಂದ್ರು. ನಮ್ಮ ಆಸ್ಪತ್ರೇಲಿ ಹೃದಯದ ಡಾಕ್ಟರ್ ಇಲ್ಲ. ಆಂಬುಲೆನ್ಸ್ ರಿಪೇರಿಗೆ ಹೋಗಿತ್ತು. ಅಮ್ಮ ಅವರನ್ನ ಪಕ್ಕದ ಜಿಲ್ಲೆಗೆ ಹೋಗೋ ಹತ್ತು ನಲವತ್ತರ ಬಸ್ಸಲ್ಲಿ ಕೂರಿಸಿದ್ರು. ಮೂರು ಗಂಟೆ ದಾರಿ. ನಾನು ಡ್ಯೂಟೀಲಿದ್ದೆ. ಬದಲಿ ಬಂದ ತಕ್ಷಣ ಮುಂದಿನ ಬಸ್ಸಿಗೆ ಬರ್ತೀನಿ ಅಂದೆ."

ಅವಳು ಕ್ಯಾಂಟೀನಿನ ಕಡೆ ನೋಡಿದಳು.

"ಡ್ರೈವರ್ ಟೀ ಕುಡೀತಾ ಕ್ಯಾಂಟೀನಲ್ಲಿ ಕೂತಿದ್ದ. ಮೈಕಲ್ಲಿ ಒಂದು ಸಲ ಕೂಗಿದ್ರೆ ಓಡಿ ಬರ್ತಿದ್ದ. ಆದ್ರೆ ಬಸ್ಸು ಬರೋ ಹೋಗೋ ವಿಷಯ ಬಿಟ್ಟು ಮೈಕಲ್ಲಿ ಯಾರನ್ನೂ ಕರೀಬಾರದು ಅಂತ ನಮ್ಮ ಸಾಹೇಬ್ರ ಆರ್ಡರ್. ಬೈತಾರೆ ಅಂತ ಹೆದರಿಕೊಂಡೆ. ಸುಮ್ನೆ ಕೂತೆ. ಬಸ್ಸು ಹನ್ನೊಂದು ನಿಮಿಷ ತಡವಾಗಿ ಹೊರಡ್ತು. ಆ ಆಸ್ಪತ್ರೆಗೆ ಇನ್ನು ಹತ್ತು ನಿಮಿಷದ ದಾರಿ ಇದೆ ಅನ್ನುವಾಗ ಅಪ್ಪ..."

ಅವಳು ಅವನ ಕಡೆ ತಿರುಗಿದಳು.

"ಅಮ್ಮಂಗೂ ಇದು ಗೊತ್ತಿಲ್ಲ. ನಿಮ್ಮೊಬ್ಬರಿಗೇ ಹೇಳಿದ್ದು."

ಅವನು ಕೈಯಲ್ಲಿದ್ದ ಪೆನ್ನನ್ನು ಮುಚ್ಚಿ ಜೇಬಿಗೆ ಹಾಕಿದ. ಅವಳು ಅದನ್ನು ಕಣ್ಣಾರೆ ಕಂಡಳು. ಈ ಮನುಷ್ಯ ನನ್ನವನು ಎಂದುಕೊಂಡಳು.

*

ಐದು ವಾರಗಳ ನಂತರ ಪತ್ರಿಕೆಯ ಕಟ್ಟು ಬೆಳಗಿನ ಬಸ್ಸಿನಲ್ಲಿಯೇ ಬಂತು. ನಿಲ್ದಾಣದ ಪೇಪರ್ ಅಂಗಡಿ ಅಜ್ಜ ದಾರ ಕತ್ತರಿಸುವ ಮೊದಲೇ ಅವಳು ಒಂದು ಪ್ರತಿ ಎಳೆದುಕೊಂಡಳು.

ಹತ್ತೊಂಬತ್ತರಲ್ಲಿ ಹತ್ತೊಂಬತ್ತನೆಯದು!

ಆದರೂ ಹೋಗಲಿ ಎಂದುಕೊಂಡಳು. ನಲ್ಲಿಯಲ್ಲಿ ಗಾಳಿ ಬಂದದ್ದು ಸುಳ್ಳೇ? ಪುಟ ತಿರುವಿದಳು. ಅಲ್ಲಿ ಚೌಕ ಕಟ್ಟಿದ ಒಂದು ಪುಟ್ಟ ಬರಹ. ಅದರ ಮೇಲೆ ದಪ್ಪ ಅಕ್ಷರದಲ್ಲಿ ಎರಡೇ ಪದ.

'ಹನ್ನೊಂದು ನಿಮಿಷ.'

ನಿಂತಲ್ಲೇ ಓದಿದಳು.

ಎಲ್ಲವೂ ಇತ್ತು. ಟೀ ಕುಡಿಯುತ್ತಿದ್ದ ಡ್ರೈವರ್, ಕೆಟ್ಟ ಆಂಬುಲೆನ್ಸ್, ಬಸ್ಸಿನಲ್ಲಿ ಕೂತ ಅಪ್ಪ. ಹೆಸರೊಂದು ಬಿಟ್ಟು ಎಲ್ಲವೂ. 'ಮೈಕಿನ ಎದುರು ಕೂತಿದ್ದ ಮಗಳು ಬಾಯಿ ತೆರೆಯಲಿಲ್ಲ' ಎಂದು ಕೊನೆಯ ಸಾಲು. ಇಡೀ ಜಿಲ್ಲೆಗೆ ಇರುವುದು ಒಬ್ಬಳೇ ಮೈಕಮ್ಮ... ಹೆಸರು ಯಾರಿಗೆ ಬೇಕು?

'ಪೆನ್ನು ಜೇಬಿಗೆ ಹಾಕಿದೆಯಲ್ಲ! ನಾನು ನೋಡಲಿ ಅಂತಲೇ ಹಾಕಿದೆಯಾ?'

ಅಂದು ಒಂಬತ್ತು ಹತ್ತರ ಬಸ್ಸನ್ನು ಅವಳು ಕೂಗಲೇ ಇಲ್ಲ. ಟಿಕೆಟ್ ಕೌಂಟರಿನ ಹೆಂಗಸು ಬಂದು, "ಹೋಗ್ಲಿ ಬಿಡೇ, ಆಗಿದ್ದು ಆಯ್ತು" ಎಂದಳು. ಅವಳ ಕಣ್ಣಲ್ಲಿದ್ದ ಕನಿಕರವೇ ಹೆಚ್ಚು ಉರಿಸಿತು. ಯಾವನೋ ಪ್ರಯಾಣಿಕ ಕಿಟಕಿಗೆ ಬಗ್ಗಿ, "ಆ ಮಗಳು ನೀವೇನಾ?" ಎಂದೂ ಕೇಳಿಬಿಟ್ಟ.

ಫೋನು ಬಡಿದುಕೊಳ್ಳುತ್ತಲೇ ಇತ್ತು. ಮಾರ್ಕ್ಸ್ ಕಾರ್ಡ್, ಮಾರ್ಕ್ಸ್ ಕಾರ್ಡ್, ಮತ್ತೆ ಮಾರ್ಕ್ಸ್ ಕಾರ್ಡ್. ನಂಬರನ್ನೇ ಬ್ಲಾಕ್ ಮಾಡಿದಳು. ಅಪ್ಪನ ಸಾವನ್ನು ಸುದ್ದಿ ಮಾಡಿಕೊಂಡವನ ಹತ್ತಿರ ಇನ್ನೇನು ಮಾತು?

ಎಲ್ಲಕ್ಕಿಂತ ದೊಡ್ಡ ಭಯ ಅಮ್ಮನದು. ಮನೆಗೆ ಹೋದಾಗ ಪತ್ರಿಕೆ ಆಗಲೇ ಊಟದ ಮೇಜಿನ ಮೇಲಿತ್ತು. ಪಕ್ಕದಲ್ಲಿ ಅಮ್ಮನ ಕನ್ನಡಕ.

"ಅಮ್ಮಾ..." ಅವಳು ಬಾಗಿಲಲ್ಲೇ ನಿಂತಳು. "ನಾನು ಕೂಗಬೇಕಿತ್ತಮ್ಮ. ನಾನು ಕೂಗಿದ್ದಿದ್ರೆ..."

"ಇಲ್ಲಿ ಬಾ, ಕೂತ್ಕೋ."

ಅಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ.

"ಹನ್ನೊಂದು ನಿಮಿಷ ನಂಗೊತ್ತಿಲ್ವೇನೇ? ಆ ಬಸ್ಸಲ್ಲಿ ನಿಮ್ಮಪ್ಪನ ಪಕ್ಕ ಕೂತಿದ್ದವಳು ನಾನು ತಾನೆ? ಡಾಕ್ಟ್ರು ಅವತ್ತೇ ಹೇಳಿದ್ರು. ಮೂರು ಗಂಟೆ ತಡ ಆಗಿದೆ, ಹತ್ತು ನಿಮಿಷದ ಮಾತಲ್ಲ ಅಂತ. ಇದನ್ನ ಎದೇಲಿ ಇಟ್ಕೊಂಡು ನೀನು ಕೊರಗ್ತಿದ್ದೀಯ ಅಂತ ನಂಗೆ ಹೊಳೀಲೇ ಇಲ್ವಲ್ಲೇ, ಮಗಳೇ!"

ಅವಳು ಬಾಯಿ ಬಿಟ್ಟುಕೊಂಡು ಅಮ್ಮನನ್ನೇ ನೋಡಿದಳು.

"ಮತ್ತೊಂದು ವಿಷಯ ಗೊತ್ತಾ? ಆ ಹನ್ನೊಂದು ನಿಮಿಷ ನಿಮ್ಮಪ್ಪ ಕಿಟಕಿಗೆ ತಲೆ ಕೊಟ್ಟು ನಿನ್ನ ದನಿ ಕೇಳ್ತಾ ಕೂತಿದ್ರು. ನೀನು ಬೇರೆ ಬಸ್ಸುಗಳನ್ನ ಕೂಗ್ತಾ ಇದ್ದೆಯಲ್ಲ... 'ನೋಡೇ, ಒಂದು ಅಕ್ಷರ ತೊದಲಲ್ಲ ನನ್ನ ಮಗಳು' ಅಂದ್ರು. ಅಷ್ಟು ನೋವಲ್ಲೂ ನಕ್ಕರು."

ಮೂರು ವರ್ಷ ಒಳಗೇ ಹೆಪ್ಪುಗಟ್ಟಿದ್ದ ಅಳು ಒಮ್ಮೆಲೇ ಹೊರಬಂತು. ಅಮ್ಮ ತನ್ನ ಸೆರಗಿನಿಂದಲೇ ಅವಳ ಮುಖ ಒರೆಸಿದಳು.

"ಹಾಗಂತ ಆ ಹುಡುಗ ಮಾಡಿದ್ದು ಸರಿ ಅನ್ನಲ್ಲ" ಎಂದಳು ಅಮ್ಮ ಕೊನೆಗೆ. "ನಿನ್ನ ಮಾತನ್ನ ಮಾರಿಕೊಂಡ. ಸಿಗ್ಲಿ, ಬೈದು ಬಾಯಿ ಮುಚ್ಚಿಸ್ತೀನಿ."

*

ಹತ್ತು ದಿನ ಕಳೆದವು. ಒಂದು ಬೆಳಿಗ್ಗೆ ಸಾಲಿನ ಕೊನೆಯಲ್ಲಿ ಅದೇ ಚೀಲ ಕಂಡಿತು. ಅವನು ಸಾಲು ತಪ್ಪಿಸಲಿಲ್ಲ. ಸಾಲು ಒಬ್ಬೊಬ್ಬರಾಗಿ ಕರಗಿ, ಕಿಟಕಿಯ ಎದುರು ಅವನೊಬ್ಬನೇ ಉಳಿದ.

"ಯಾವ ಬಸ್ಸು?" ಅವಳ ದನಿ ಐಸಿನಂತಿತ್ತು.

"ಹತ್ತು ನಲವತ್ತರದ್ದು. ನೀವು ಹೋಗು ಅಂದ್ರೆ."

"ಹೋಗಿ."

"ಹೋಗ್ತೀನಿ. ಒಂದು ಮಾತು ಕೇಳಿ. ಚೌಕ ಕಟ್ಟಿ ಹಾಕಿದ್ದು ಸಂಪಾದಕರು. ಜಿಲ್ಲೆ ಮುಗಿದ ಮೇಲೆ ನಮ್ಮ ಟಿಪ್ಪಣಿ ಪುಸ್ತಕ ಆಫೀಸಿಗೆ ಕೊಡಬೇಕು, ಅದರಿಂದ ಅವರು ಏನು ಬೇಕಾದ್ರೂ ತೆಗೀತಾರೆ. ಆದ್ರೆ..." ಅವನು ಕಿಟಕಿಗೆ ಬಗ್ಗಿದ. "ಬರೆದಿದ್ದು ನಾನೇ. ಅವತ್ತು ಲಾಡ್ಜಿಗೆ ಹೋಗಿ, ನೀವು ಹೇಳಿದ್ದರಲ್ಲಿ ಒಂದು ಮಾತೂ ಮರೀಬಾರದು ಅಂತ ಬರೆದೆ. ಕೊಡುವಾಗ ಆ ಹಾಳೆ ಹರಿಯೋಕೆ ಕೈ ಹೋಯ್ತು. ಹಾಳೆ ಹರಿದ್ರೆ ಕೆಲಸ ಹೋಗುತ್ತೆ. ಹೆದರಿಕೊಂಡೆ. ಹಾಗೇ ಕೊಟ್ಟೆ."

"ಮರೀದೆ ಇರೋಕೆ ಎದೆ ಸಾಕಾಗ್ಲಿಲ್ವಾ? ಹಾಳೆ ಬೇಕಾಯ್ತಾ?"

ಹೆದರಿಕೊಂಡೆ... ಆ ಪದ ಅವಳಿಗೆ ಎಲ್ಲೋ ತಾಗಿತು. ಸಾಹೇಬರ ಬೈಗುಳಕ್ಕೆ ಹೆದರಿ ಮೈಕಿನ ಎದುರು ಸುಮ್ಮನೆ ಕೂತವಳು ಅವಳೂ ಅಲ್ಲವೇ? ಆದರೂ ಸಿಟ್ಟು ಇಳಿಯಲಿಲ್ಲ.

"ಮತ್ತೆ ಆ ಹತ್ತೊಂಬತ್ತನೇ ಸ್ಥಾನ? ಅದೂ ಸಂಪಾದಕರದ್ದೇನಾ?"

"ಇಲ್ಲ. ಅದು ನಂದು. ಅದಕ್ಕೆ ಕ್ಷಮೆ ಕೇಳಲ್ಲ. ಹೃದಯದ ಡಾಕ್ಟರ್ ಹುದ್ದೆ ಒಂಬತ್ತು ವರ್ಷದಿಂದ ಖಾಲಿ. ಚೆನ್ನಾಗಿದೆ ಅಂತ ಬರೆದಿದ್ರೆ ಇನ್ನೂ ಒಂಬತ್ತು ವರ್ಷ ಖಾಲಿ ಇರುತ್ತೆ."

ಅವನು ಚೀಲದಿಂದ ಒಂದು ಫಾರಂ ತೆಗೆದು ಕಿಟಕಿಯ ಕೆಳಗಿನ ಸಂದಿಯಿಂದ ತಳ್ಳಿದ.

"ಪ್ರತಿ ಜಿಲ್ಲೆ ಮುಗಿದ ಮೇಲೆ ನಾವೂ ಒಂದು ಫಾರಂ ತುಂಬಬೇಕು. ಇದಕ್ಕೆ ಅಂಕ ಇಲ್ಲ, ಯಾರೂ ನೋಡೋದೂ ಇಲ್ಲ. ಹದಿನೆಂಟು ಜಿಲ್ಲೆಗೂ ಕೊನೇ ಪ್ರಶ್ನೆಗೆ 'ಇಲ್ಲ' ಅಂತ ಬರೆದಿದ್ದೆ."

ಅವಳು ಬೇಡವೆಂದುಕೊಂಡೇ ನೋಡಿದಳು. ಅವನು ಊರು ಬಿಟ್ಟ ದಿನದ ತಾರೀಖು. ಕೊನೆಯ ಪ್ರಶ್ನೆ: 'ನೀವು ಈ ಜಿಲ್ಲೆಗೆ ಬಂದು ವಾಸಿಸುವಿರಾ?'

ಹೌದು.

'ಕಾರಣ?'

ವಿಚಾರಣೆ ಕಿಟಕಿ.

ಅಕ್ಷರಗಳು ಕಣ್ಣೀರಿನಲ್ಲಿ ಕಲಸಿಹೋದವು.

"ಈ ಜಿಲ್ಲೆಗೆ ವರದಿಗಾರನಾಗಿ ಹೋಗೋಕೆ ನಮ್ಮಲ್ಲಿ ಯಾರೂ ಒಪ್ಪಲ್ಲ. ನಾನೇ ಕೇಳಿ ಹಾಕಿಸ್ಕೊಂಡೆ" ಎಂದ ಅವನು ಮೆಲ್ಲಗೆ. "ಬೇಡ ಅಂದ್ರೆ ವಾಪಸ್ ಹೋಗ್ತೀನಿ. ನಾಲ್ಕನೇ ಬೆಂಚಲ್ಲಿ ಕೂತಿರ್ತೀನಿ. ಬಸ್ಸು ಹೊರಡೋವರೆಗೆ."

ಗೋಡೆ ಗಡಿಯಾರ ಹತ್ತು ನಲವತ್ತಮೂರು ತೋರಿಸುತ್ತಿತ್ತು. ಬಸ್ಸು ಅಲುಗಾಡಿರಲಿಲ್ಲ. ಡ್ರೈವರ್ ಸೀಟು ಖಾಲಿ. ಬಸ್ಸಿನ ಮೂರನೇ ಕಿಟಕಿಯಲ್ಲಿ ಒಬ್ಬ ಮುದುಕ ಕಣ್ಣು ಮುಚ್ಚಿ ಒರಗಿದ್ದ. ಪಕ್ಕದಲ್ಲಿ ಎಕ್ಸ್‌ರೇ ಕವರ್ ಹಿಡಿದ ಮಗಳು ಕ್ಯಾಂಟೀನಿನ ಕಡೆಗೇ ನೋಡುತ್ತಿದ್ದಳು.

ಅವಳ ಕೈ ತಾನಾಗಿಯೇ ಮೈಕಿನ ಗುಂಡಿಗೆ ಹೋಯಿತು.

"ಹತ್ತು ನಲವತ್ತರ ಬಸ್ಸಿನ ಚಾಲಕರು ಎಲ್ಲಿದ್ದರೂ ಕೂಡಲೇ ಬರಬೇಕು. ಬಸ್ಸಿನಲ್ಲಿ ರೋಗಿಗಳಿದ್ದಾರೆ. ಕೂಡಲೇ ಬರಬೇಕು!"

ಡ್ರೈವರ್ ಅರ್ಧ ಟೀ ಚೆಲ್ಲಿಕೊಂಡು ಓಡಿ ಬಂದ. ಸಾಹೇಬರು ಕೋಣೆಯಿಂದ ತಲೆ ಹೊರಹಾಕಿದರು.

"ಯಾರ್ರೀ ಕೂಗಿದ್ದು?"

"ನಾನೇ ಸಾರ್! ನಾಳೇನೂ ಕೂಗ್ತೀನಿ!"

ಸಾಹೇಬರು ಬಂದಷ್ಟೇ ಬೇಗ ಒಳಗೆ ಹೋದರು.

ಬೆಂಚಿನಲ್ಲಿದ್ದವನು ಬೇರೆಯೇ ಅರ್ಥ ಮಾಡಿಕೊಂಡಿದ್ದ. ಇಷ್ಟು ಅವಸರದಲ್ಲಿ ನನ್ನನ್ನು ಕಳಿಸುತ್ತಿದ್ದಾಳೆ ಎಂದುಕೊಂಡು ಚೀಲ ಹೆಗಲಿಗೇರಿಸಿ, ತಲೆ ತಗ್ಗಿಸಿ ಬಸ್ಸಿನ ಕಡೆ ಹೊರಟ.

"ಏಯ್ ಮಾರ್ಕ್ಸ್ ಕಾರ್ಡ್! ಎಲ್ಲಿಗೆ?"

ಮೈಕ್ ಇನ್ನೂ ಆನ್ ಇತ್ತು! ನಿಲ್ದಾಣದ ಅಷ್ಟೂ ಜನ ತಿರುಗಿ ನೋಡಿದರು. ಪೇಪರ್ ಅಂಗಡಿ ಅಜ್ಜ ಕಿಸಕ್ಕನೆ ನಕ್ಕ. ಅವಳು ಕೆಂಪಾಗಿ ಮೈಕ್ ಆಫ್ ಮಾಡಿದಳು. ಹತ್ತು ನಲವತ್ತರ ಬಸ್ಸು ಗೇಟು ದಾಟಿತು.

ಅವನು ಕಿಟಕಿಗೆ ಓಡಿ ಬಂದ.

"ಬಸ್ಸು ಹೊರಡಿಸಿದ್ರಲ್ಲ... ನಾನು ಹೋಗಲಿ ಅಂತ ಅಲ್ವಾ?"

"ಬಸ್ಸು ಅವರಿಗೆ. ನಿಮಗಲ್ಲ. ಎರಡು ಗಂಟೆವರೆಗೆ ಬೆಂಚಲ್ಲಿ ಕೂತಿರಿ. ಆಮೇಲೆ ಮನೆಗೆ ಹೋಗೋಣ. ಬೈಯೋಕೆ ಅಮ್ಮ ಕಾಯ್ತಿದ್ದಾರೆ."

"ತುಂಬಾ ಬೈತಾರಾ?"

"ಕಮ್ಮಿ ಆದ್ರೆ ಉಳಿದಿದ್ದು ನಾನು ಬೈತೀನಿ."

ಅವನ ಕಣ್ಣು ತುಂಬಿ ಬಂತು. "ಕ್ಷಮಿಸಿದ್ರಾ?"

ಅವಳು ಫಾರಂ ಮಡಚಿ ತನ್ನ ಪರ್ಸಿನೊಳಗೆ ಇಟ್ಟಳು. ಅದನ್ನು ವಾಪಸ್ ಕೊಡುವ ಯೋಚನೆ ಅವಳಿಗಿರಲಿಲ್ಲ.

"ನೂರಕ್ಕೆ ಮೂವತ್ತೈದು ಕೊಟ್ಟಿದ್ದೀನಿ. ಪಾಸ್. ಅಷ್ಟೇ."

"ಉಳಿದ ಅರವತ್ತೈದು?"

ಅವಳು ಕಿಟಕಿಯ ಸಂದಿಯಿಂದ ಕೈ ಚಾಚಿ, ಮೊದಲ ಬಾರಿಗೆ ಅವನ ಬೆರಳು ಹಿಡಿದಳು.

"ಇಲ್ಲೇ ಇದ್ದು ತಗೋ."